ವರ್ಣತಂತುಗಳಲ್ಲಿ ಡಿ. ಎನ್. ಎ. ಅನುಕ್ರಮಗಳ ಸ್ಥಾನನಿರ್ಣಯ: ಪ್ರಯೋಗದ ನಿಬಂಧನೆಗಳ ವಿಚಾರ

೧

ಜೀವಿಗಳ ಅನುವಂಶಿಕ ಗುಣಗಳಿಗೆ ಆಧಾರವಾದ ವಸ್ತುವು ಡಿ. ಎನ್. ಎ. ಎಂಬುದೂ, ಅದು ಜೀವಕೋಶದ ಕೇಂದ್ರದಲ್ಲಿ ವರ್ಣತಂತುಗಳ ರೂಪದಲ್ಲಿ ಅಡಕವಾಗಿರುವುದೆಂಬುದೂ ಈಗ ಶಾಲೆಯ ಪಠ್ಯಪುಸ್ತಕಗಳಲ್ಲಿಯೇ ದೊರೆಯುವ ಸಂಗತಿಗಳು. ಆದರೆ ಇಂತಹ ಅನುಕ್ರಮವು ಇಂತಹ ವರ್ಣತಂತುವಿನ ಇಂತಹ ಭಾಗದಲ್ಲಿದೆಯೆಂದು ಶಾಸ್ತ್ರಜ್ಞರು ಹೇಳುವಾಗ, ಅದನ್ನು ಅವರು ಕಂಡ ಬಗೆ ಯಾವುದು, ಆ ಮಾತಿಗೆ ಎಷ್ಟು ಪ್ರಾಮಾಣ್ಯವಿದೆ ಎಂಬ ವಿಚಾರವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಪ್ರಕೃತ ಲೇಖನದ ವಿಷಯ ಇದೇ.

ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮುಖ್ಯಾಂಶವನ್ನು ಮೊದಲೇ ಹೇಳಿಬಿಡುವುದು ಮೇಲು. ಸೂಕ್ಷ್ಮದರ್ಶಕದಲ್ಲಿ ತೋರುವ ಗುರುತು ವರ್ಣತಂತುವಿನ ಗುಣವೊಂದರಿಂದಲೇ ಹುಟ್ಟಿದುದಲ್ಲ. ಪ್ರಯೋಗಿಸಿದ ಶಾಖ, ಉಪ್ಪಿನ ಪ್ರಮಾಣ, ದ್ರಾವಣದಲ್ಲಿ ಬೆರೆಸಿದ ದ್ರವ್ಯಗಳು, ತೊಳೆದ ರೀತಿ, ಕೋಶಗಳನ್ನು ಗಾಜಿನ ಮೇಲೆ ಹರಡಿದ ಕ್ರಮ, ಇವೆಲ್ಲವೂ ಸೇರಿ ಆ ಗುರುತನ್ನು ಉಂಟುಮಾಡುತ್ತವೆ. ಗುರುತು ಒಂದು ಉತ್ತರ. ಪ್ರಯೋಗದ ನಿಬಂಧನೆಗಳು ಅದರ ಪ್ರಶ್ನೆ. ಪ್ರಶ್ನೆಯನ್ನರಿಯದೆ ಉತ್ತರವನ್ನು ಮಾತ್ರ ಓದುವವರಿಗೆ ಅಪಾರ್ಥವಾಗುವುದು ಸಹಜ.

೨

ಡಿ. ಎನ್. ಎ. ಎಂಬುದು ಒಂದನ್ನೊಂದು ಸುತ್ತಿಕೊಂಡಿರುವ ಎರಡು ಎಳೆಗಳು. ಒಂದರಲ್ಲಿ ಅಡೆನಿನ್ ಇದ್ದ ಕಡೆ ಎದುರಿನ ಎಳೆಯಲ್ಲಿ ಥೈಮಿನ್, ಗ್ವಾನಿನ್ ಇದ್ದ ಕಡೆ ಸೈಟೊಸಿನ್—ಹೀಗೆ ಪ್ರತ್ಯಾಮ್ಲಗಳು ಜೋಡಿಗೂಡಿ ನಿಲ್ಲುತ್ತವೆ. ಕಾಯಿಸಿದರೆ ಈ ಎಳೆಗಳು ಬಿಚ್ಚಿಕೊಳ್ಳುತ್ತವೆ. ತಕ್ಕ ಶಾಖದಲ್ಲಿ ಬಿಟ್ಟರೆ ಒಂದಕ್ಕೊಂದು ಒಪ್ಪುವ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಹೀಗೆ ಪುನಃ ಕೂಡುವುದೆಂಬುದನ್ನು ಡೋಟಿ, ಮಾರ್ಮರ್ ಮೊದಲಾದವರು ೧೯೬೦ರಲ್ಲಿ ತೋರಿಸಿಕೊಟ್ಟರು. ಸ್ಥಾನನಿರ್ಣಯದ ವಿಧಾನವೆಲ್ಲ ಈ ಒಂದು ಧರ್ಮವನ್ನು ಅವಲಂಬಿಸಿದೆ. ಹುಡುಕಬೇಕಾದ ಅನುಕ್ರಮದ ಒಂದು ತುಣುಕಿಗೆ ಗುರುತನ್ನು ಅಂಟಿಸಿ ಅದನ್ನು ಶೋಧಕವಾಗಿ ಮಾಡಿಕೊಳ್ಳುವುದು. ಗಾಜಿನ ಮೇಲೆ ಹರಡಿದ ವರ್ಣತಂತುಗಳ ಎಳೆಗಳನ್ನು ಬಿಚ್ಚುವುದು. ಶೋಧಕವನ್ನು ಅವುಗಳ ಮೇಲೆ ಸುರಿದು ಕೂಡಲು ಬಿಡುವುದು. ಕೂಡದೆ ಉಳಿದುದನ್ನು ತೊಳೆದುಹಾಕಿ, ಗುರುತು ಎಲ್ಲಿ ನಿಂತಿತೆಂದು ನೋಡುವುದು. ಇದಕ್ಕೆ ಸ್ವಸ್ಥಾನಸಂಕರಣವೆಂದು ಹೆಸರಿಡಬಹುದು.

ಈ ವಿಧಾನವನ್ನು ೧೯೬೯ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ ಎಂಬವರು ಪ್ರಕಟಿಸಿದರು. ಅದೇ ವರ್ಷ ಜಾನ್, ಬರ್ನ್‌ಸ್ಟೀಲ್ ಮತ್ತು ಜೋನ್ಸ್ ಎಂಬವರೂ ಬೇರೆಯಾಗಿ ಇದನ್ನೇ ಸಾಧಿಸಿದರು. ಗಾಲ್ ಮತ್ತು ಪಾರ್ಡ್ಯೂ ಆರಿಸಿಕೊಂಡುದು ಆಫ್ರಿಕದ ಕ್ಸೆನೊಪಸ್ ಎಂಬ ಕಪ್ಪೆಯ ಅಂಡಕೋಶಗಳನ್ನು. ಆ ಕೋಶಗಳಲ್ಲಿ ರೈಬೊಸೋಮಿಗೆ ಸಂಬಂಧಿಸಿದ ಜೀನುಗಳು ವಿಪುಲವಾಗಿ ಪ್ರತಿಗೊಂಡಿರುವುದರಿಂದ, ಮಂದವಾದ ಉಪಕರಣಕ್ಕೂ ಗುರುತು ಸಿಕ್ಕುವಂತಿತ್ತು. ಶೋಧಕಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕವನ್ನು ಸೇರಿಸಿ, ಗಾಜಿನ ಮೇಲೆ ಛಾಯಾಗ್ರಹಣದ ಲೇಪವನ್ನು ಹಚ್ಚಿ, ಬೆಳ್ಳಿಯ ಕಪ್ಪು ಕಣಗಳು ಮೂಡುವವರೆಗೆ ಕತ್ತಲೆಯಲ್ಲಿ ಕಾಯಬೇಕಾಗಿತ್ತು. ಮುಂದೆ ೧೯೮೦ರಲ್ಲಿ ಬೌಮನ್ ಮೊದಲಾದವರು ಪ್ರತಿದೀಪ್ತಿಯ ವರ್ಣದ್ರವ್ಯವನ್ನು ನೇರವಾಗಿ ಶೋಧಕಕ್ಕೆ ಸೇರಿಸಿದರು. ೧೯೮೧ರಲ್ಲಿ ಲ್ಯಾಂಗರ್, ವಾಲ್ಡ್ರಾಪ್ ಮತ್ತು ವಾರ್ಡ್ ಎಂಬವರು ಬಯೊಟಿನ್ ಅಂಟಿಸಿದ ಘಟಕಗಳನ್ನು ಸಿದ್ಧಪಡಿಸಿದರು. ವಾರಗಟ್ಟಲೆ ಕಾಯುವ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಕಪ್ಪು ಕಣಗಳಿದ್ದೆಡೆಯಲ್ಲಿ ಬಣ್ಣದ ಬೆಳಕಿನ ಬಿಂದುಗಳು ಕಾಣತೊಡಗಿದವು.

೩

ಎರಡು ಎಳೆಗಳಲ್ಲಿ ಅರ್ಧದಷ್ಟು ಬಿಚ್ಚಿಕೊಳ್ಳುವ ಶಾಖವನ್ನು ‘ಬಿಚ್ಚುವ ಉಷ್ಣಮಾನ’ವೆಂದು ಕರೆಯೋಣ. ಇದು ಯಾವ ಕಾರಣಗಳಿಂದ ಏರಿಳಿಯುವುದೆಂಬುದನ್ನು ತಿಳಿದರೆ ವಿಧಾನದ ಅರ್ಧ ರಹಸ್ಯ ತಿಳಿದಂತೆಯೇ. ಗ್ವಾನಿನ್–ಸೈಟೊಸಿನ್ ಜೋಡಿಗಳು ನೂರಕ್ಕೆ ಒಂದು ಹೆಚ್ಚಿದರೆ ಅದು ಸುಮಾರು ೦.೪ ಡಿಗ್ರಿ ಏರುತ್ತದೆ. ಎಳೆಗಳೆರಡೂ ಋಣವಿದ್ಯುತ್ತನ್ನು ಹೊತ್ತಿರುವುದರಿಂದ ಸಹಜವಾಗಿ ಒಂದನ್ನೊಂದು ದೂಡುತ್ತವೆ. ದ್ರಾವಣದಲ್ಲಿರುವ ಸೋಡಿಯಂ ಆ ವೈರವನ್ನು ಶಮನಗೊಳಿಸುತ್ತದೆ. ಆದುದರಿಂದ ಸೋಡಿಯಂ ಹತ್ತುಪಟ್ಟು ಹೆಚ್ಚಿದರೆ ಬಿಚ್ಚುವ ಉಷ್ಣಮಾನವು ಸುಮಾರು ೧೬.೬ ಡಿಗ್ರಿ ಮೇಲಕ್ಕೆ ಹೋಗುತ್ತದೆ. ಫಾರ್ಮಮೈಡ್ ಎಂಬ ದ್ರವವು ಇದಕ್ಕೆ ವಿರುದ್ಧವಾಗಿ ಜೋಡಿಗಳ ಜಲಜನಕಬಂಧವನ್ನು ಸಡಿಲಿಸಿ, ನೂರರಲ್ಲಿ ಒಂದು ಪಾಲಿಗೆ ಸುಮಾರು ೦.೬ ಡಿಗ್ರಿ ಇಳಿಸುತ್ತದೆ. ಇದನ್ನು ಬೆರೆಸುವ ಉದ್ದೇಶವೇನೆಂದರೆ, ವರ್ಣತಂತುಗಳ ಆಕಾರವನ್ನು ಕೆಡಿಸುವಷ್ಟು ಶಾಖವಿಲ್ಲದೆಯೇ ಕೆಲಸ ಸಾಗಬೇಕೆಂಬುದು. ಕೊನೆಯದಾಗಿ, ಕೂಡಿದ ಎಳೆಗಳಲ್ಲಿ ಹೊಂದದ ಜೋಡಿಗಳು ನೂರಕ್ಕೆ ಒಂದರಂತೆ ಇದ್ದರೆ ಸುಮಾರು ೧ ಡಿಗ್ರಿ ಇಳಿಯುತ್ತದೆ. ಸ್ಥಾನನಿರ್ಣಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಇದು.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ೩೦೦ ಜೋಡಿ ಉದ್ದದ, ನೂರಕ್ಕೆ ೪೧ ಗ್ವಾನಿನ್–ಸೈಟೊಸಿನ್ ಇರುವ ಶೋಧಕವನ್ನು ತೆಗೆದುಕೊಳ್ಳೋಣ. ಲೀಟರಿಗೆ ೦.೩೯ ಮೋಲ್ ಸೋಡಿಯಂ, ನೂರಕ್ಕೆ ೫೦ ಫಾರ್ಮಮೈಡ್ ಇರುವ ದ್ರಾವಣದಲ್ಲಿ ಇದರ ಬಿಚ್ಚುವ ಉಷ್ಣಮಾನವು ಲೆಕ್ಕದಂತೆ ಸುಮಾರು ೫೯ ಸೆಂಟಿಗ್ರೇಡ್ ಡಿಗ್ರಿ. ಸಂಕರಣವನ್ನು ೩೭ ಡಿಗ್ರಿಯಲ್ಲಿ ನಡಸಿದರೆ ನಾವು ೨೨ ಡಿಗ್ರಿ ಕೆಳಗಿದ್ದೇವೆ. ಎಂದರೆ ನೂರಕ್ಕೆ ಇಪ್ಪತ್ತರಷ್ಟು ಹೊಂದಿಕೆಯಿಲ್ಲದ ಎಳೆಯೂ ಅಲ್ಲಿ ಅಂಟಿಕೊಂಡು ನಿಲ್ಲಬಲ್ಲದು. ಬಳಿಕ ಅದೇ ದ್ರಾವಣದಿಂದ ೪೫ ಡಿಗ್ರಿಯಲ್ಲಿ ತೊಳೆದರೆ ಅಂತರವು ೧೪ ಡಿಗ್ರಿಗೆ ಇಳಿಯುತ್ತದೆ. ಫಾರ್ಮಮೈಡ್ ಇಲ್ಲದೆ, ಲೀಟರಿಗೆ ೦.೦೨ ಮೋಲಿನಷ್ಟು ಮಾತ್ರ ಸೋಡಿಯಂ ಇರುವ ನೀರಿನಲ್ಲಿ ೬೦ ಡಿಗ್ರಿಯಲ್ಲಿ ತೊಳೆದರೆ ಅಂತರವು ೮ ಡಿಗ್ರಿ ಮಾತ್ರ. ಆಗ ಬಹುಮಟ್ಟಿಗೆ ಸರಿಯಾಗಿ ಹೊಂದಿದವು ಮಾತ್ರ ಉಳಿಯುತ್ತವೆ. ಈ ಲೆಕ್ಕವು ದ್ರಾವಣದಲ್ಲಿ ಸ್ವತಂತ್ರವಾಗಿರುವ ಎಳೆಗಳಿಗೆ ಹೇಳಿದುದು. ಗಾಜಿಗೆ ಅಂಟಿ, ಪ್ರೋಟೀನುಗಳ ನಡುವೆ ಸಿಕ್ಕಿಕೊಂಡಿರುವ ಎಳೆಗಳಿಗೆ ಸ್ಥೂಲವಾಗಿ ಮಾತ್ರ ಅನ್ವಯಿಸುವುದು. ಆದರೂ ತಾತ್ಪರ್ಯವು ಸ್ಪಷ್ಟ: ವರ್ಣತಂತುಗಳೂ ಶೋಧಕವೂ ಅವೇ ಆಗಿದ್ದು, ತೊಳೆತವೊಂದು ಬೇರೆಯಾದರೆ, ಕಾಣುವ ಬಿಂದುಗಳ ಸಂಖ್ಯೆಯೂ ಸ್ಥಾನವೂ ಬೇರೆಯಾಗಬಹುದು.

ಸಾಹಿತ್ಯಾಭ್ಯಾಸಿಗಳಿಗೆ ಇದು ಅಪರಿಚಿತವಾದ ನ್ಯಾಯವಲ್ಲ. ಪ್ರಾಸಸ್ಥಾನದಲ್ಲಿ ಅದೇ ವ್ಯಂಜನವು ಬರಬೇಕೆಂಬುದು ಕನ್ನಡ ಛಂದಸ್ಸಿನ ಸಾಮಾನ್ಯನಿಯಮ. ಅದೇ ವರ್ಗದ ಬೇರೆ ಅಕ್ಷರವನ್ನು ಒಪ್ಪುವ ವರ್ಗಪ್ರಾಸವೆಂಬ ಸಡಿಲಿಕೆಯೂ ಉಂಟು. ಒಂದು ಕಾವ್ಯದಲ್ಲಿ ಪ್ರಾಸ ಕೂಡಿದ ಪದ್ಯಗಳೆಷ್ಟೆಂದು ಎಣಿಸಹೊರಟವನು ಯಾವ ನಿಯಮವನ್ನಿಟ್ಟುಕೊಂಡನೆಂಬುದನ್ನು ಹೇಳದಿದ್ದರೆ ಅವನ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ತೊಳೆತದ ಕಟ್ಟುನಿಟ್ಟೂ ಅಂತಹುದೇ ಒಂದು ನಿಯಮ.

ಸಡಿಲಿಕೆಯೇ ದೋಷವೆಂದು ಮಾತ್ರ ತಿಳಿಯಬಾರದು. ಒಂದು ಪ್ರಾಣಿಯ ಜೀನಿನಿಂದ ಮಾಡಿದ ಶೋಧಕದಿಂದ ದೂರದ ಬಂಧುವಾದ ಇನ್ನೊಂದು ಪ್ರಾಣಿಯಲ್ಲಿ ಅದಕ್ಕೆ ಸಂವಾದಿಯಾದ ಜೀನನ್ನು ಹುಡುಕಬೇಕಾದರೆ ನಿಬಂಧನೆಗಳನ್ನು ಸಡಿಲಿಸಲೇಬೇಕು. ಕಾಲಾಂತರದಲ್ಲಿ ಅವೆರಡರ ಅಕ್ಷರಗಳು ಅಲ್ಲಲ್ಲಿ ವ್ಯತ್ಯಾಸಗೊಂಡಿರುತ್ತವೆ. ಒಂದೇ ಪ್ರಾಣಿಯ ಒಂದೇ ಕುಲದ ಎರಡು ಜೀನುಗಳನ್ನು ಬೇರ್ಪಡಿಸಬೇಕಾದರೆ ಬಿಗಿಗೊಳಿಸಬೇಕು.

೪

ಶಾಖವನ್ನೂ ಉಪ್ಪನ್ನೂ ಎಷ್ಟು ಎಚ್ಚರದಿಂದ ಅಳೆದರೂ ನಿವಾರಣೆಯಾಗದ ಇನ್ನೊಂದು ತೊಡಕಿದೆ. ಮನುಷ್ಯನ ಒಂದು ಸಲದ ವರ್ಣತಂತುಸಮೂಹದಲ್ಲಿ ಸುಮಾರು ೩೦೦ ಕೋಟಿ ಜೋಡಿಗಳಿರುವುವಷ್ಟೆ. ಇವುಗಳಲ್ಲಿ ಸುಮಾರು ಅರ್ಧಭಾಗವು ಪುನರಾವೃತ್ತವಾಗುವ ಅನುಕ್ರಮಗಳಿಂದ ಕೂಡಿದುದು. ಉನ್ನತ ಪ್ರಾಣಿಗಳಲ್ಲಿ ಇಂತಹ ಪುನರಾವೃತ್ತಿ ಹೇರಳವಾಗಿದೆಯೆಂಬುದನ್ನು ಬ್ರಿಟನ್ ಮತ್ತು ಕೋನ್ ಎಂಬವರು ೧೯೬೮ರಲ್ಲಿ ತಿಳಿಸಿದರು. ಆಲು ಎಂಬ ೩೦೦ ಜೋಡಿಗಳ ತುಣುಕೊಂದೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಸಲ ಬರುತ್ತದೆ. ಒಂದು ಜೀನಿನ ಸುತ್ತಣ ದೀರ್ಘವಾದ ತುಣುಕನ್ನು ಶೋಧಕವಾಗಿ ಮಾಡಿದರೆ ಅದರೊಳಗೆ ಇಂತಹ ಸಾಮಾನ್ಯ ತುಣುಕುಗಳೂ ಬಂದು ಸೇರುವುದರಿಂದ, ಒಂದೆಡೆ ಬೆಳಗಬೇಕಾದ ಬೆಳಕು ಎಲ್ಲ ವರ್ಣತಂತುಗಳ ಮೇಲೂ ಹರಡಿ ಸ್ಥಾನವು ಅಳಿಸಿಹೋಗುತ್ತದೆ. ಇಲ್ಲಿ ಕಟ್ಟುನಿಟ್ಟಿನಿಂದ ಪ್ರಯೋಜನವಿಲ್ಲ. ಆ ಹೊಂದಿಕೆ ನಿಜವಾದುದೇ, ಆದರೆ ನಮಗೆ ಬೇಡವಾದುದು.

ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು. ಪುನರಾವೃತ್ತ ಅನುಕ್ರಮಗಳೇ ಹೆಚ್ಚಾಗಿರುವ, ಗುರುತಿಲ್ಲದ ಡಿ. ಎನ್. ಎ.ಯನ್ನು ಶೋಧಕದೊಡನೆ ವಿಪುಲವಾಗಿ ಬೆರೆಸಿ, ಮೊದಲು ಅವೆರಡೂ ತಮ್ಮತಮ್ಮಲ್ಲಿ ಕೂಡುವಂತೆ ಸ್ವಲ್ಪ ಕಾಲ ಬಿಡುತ್ತಾರೆ. ಹೆಚ್ಚು ಪ್ರತಿಗಳಿರುವ ತುಣುಕುಗಳು ಬೇಗನೆ ಜೊತೆಯನ್ನು ಕಂಡುಕೊಳ್ಳುವುದರಿಂದ ಶೋಧಕದ ಸಾಮಾನ್ಯಭಾಗಗಳು ಮುಚ್ಚಿಹೋಗುತ್ತವೆ. ವಿಶಿಷ್ಟಭಾಗಗಳು ಮಾತ್ರ ತೆರೆದಿದ್ದು ವರ್ಣತಂತುವನ್ನು ಸೇರುತ್ತವೆ. ೧೯೮೭–೮೮ರಲ್ಲಿ ಲ್ಯಾಂಡ್‌ಖೆಂಟ್, ಲಿಕ್ಟರ್, ಕ್ರೆಮರ್ ಮೊದಲಾದವರ ಪ್ರಯತ್ನಗಳಿಂದ ಇದು ರೂಢಿಗೆ ಬಂದಿತು. ಇಲ್ಲಿ ಬೆರೆಸುವ ಪ್ರಮಾಣವೂ ಕಾಯುವ ಅವಧಿಯೂ ನಿಬಂಧನೆಗಳೇ: ಕಡಮೆಯಾದರೆ ಎಲ್ಲೆಡೆಯೂ ಬೆಳಕು ಹರಡುವುದು, ಮಿತಿಮೀರಿದರೆ ಬೇಕಾದ ಬಿಂದುವೂ ಮಂಕಾಗುವುದು.

೫

ಇನ್ನು ವರ್ಣತಂತುಗಳ ಕಡೆಗೆ ತಿರುಗೋಣ. ಮನುಷ್ಯನ ಒಂದನೆಯ ವರ್ಣತಂತುವಿನಲ್ಲಿ ಸುಮಾರು ೨೫ ಕೋಟಿ ಜೋಡಿಗಳಿವೆ. ಅದರ ಡಿ. ಎನ್. ಎ.ಯನ್ನು ನೀಳವಾಗಿ ಎಳೆದರೆ ೮ ಸೆಂಟಿಮೀಟರಿಗೂ ಮಿಗಿಲಾದೀತು. ಕೋಶವಿಭಜನೆಯ ಕಾಲದಲ್ಲಿ ಅದು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಉದ್ದಕ್ಕೆ ಸುತ್ತಿಕೊಂಡಿರುತ್ತದೆ. ಇಷ್ಟು ಒತ್ತಾದ ವಸ್ತುವಿನ ಮೇಲೆ ಹತ್ತು ಲಕ್ಷದಿಂದ ಮೂವತ್ತು ಲಕ್ಷ ಜೋಡಿಗಳಿಗಿಂತ ಕಡಮೆ ಅಂತರದಲ್ಲಿರುವ ಎರಡು ಬಿಂದುಗಳು ಒಂದಾಗಿಯೇ ಕಾಣುತ್ತವೆ. ವಿಭಜನೆಯಿಲ್ಲದ ಕಾಲದ ಸಡಿಲವಾದ ಕೋಶಕೇಂದ್ರದಲ್ಲಿ ಒಂದು ಲಕ್ಷ ಜೋಡಿಗಳಷ್ಟು ಅಂತರವನ್ನೂ, ಗಾಜಿನ ಮೇಲೆ ಎಳೆಗಳನ್ನೇ ನೀಳವಾಗಿ ಹರಡಿದರೆ ಕೆಲವು ಸಾವಿರ ಜೋಡಿಗಳ ಅಂತರವನ್ನೂ ಕಾಣಬಹುದು. ಆದರೆ ಹಾಗೆ ಸಡಿಲಿಸಿದಷ್ಟೂ, ಯಾವ ವರ್ಣತಂತು, ಅದರ ಯಾವ ತೋಳು ಎಂಬ ವಿವರವು ಕೈಬಿಟ್ಟುಹೋಗುತ್ತದೆ. ಸನಿಹದಿಂದ ನೋಡಿದವನಿಗೆ ಊರಿನ ಬೀದಿ ಕಾಣುತ್ತದೆ, ಊರು ಕಾಣುವುದಿಲ್ಲ.

ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಹರಡುವುದೂ ಪ್ರಯೋಗದ ಕೌಶಲವೇ. ಕೋಶಗಳನ್ನು ತೆಳುವಾದ ಲವಣದ್ರಾವಣದಲ್ಲಿಟ್ಟು ಉಬ್ಬಿಸುವ ವಿಧಾನವನ್ನು ಟಿ. ಸಿ. ಷೂ ಎಂಬವರು ೧೯೫೨ರಲ್ಲಿ ಪ್ರಕಟಿಸಿದರು. ಅಂತಹ ಉಪಾಯಗಳ ಬಲದಿಂದಲೇ ೧೯೫೬ರಲ್ಲಿ ಟಿಯೊ ಮತ್ತು ಲೆವಾನ್ ಎಂಬವರು ಮನುಷ್ಯನ ವರ್ಣತಂತುಗಳು ೪೮ ಅಲ್ಲ, ೪೬ ಎಂದು ಸ್ಥಾಪಿಸಿದರು. ದಶಕಗಳ ಕಾಲ ಎಣಿಕೆಯೇ ತಪ್ಪಿದುದಕ್ಕೆ ಹರಡುವ ಕ್ರಮವು ಚೆನ್ನಾಗಿಲ್ಲದುದು ಒಂದು ಮುಖ್ಯ ಕಾರಣವೆಂಬುದನ್ನು ನೆನೆದರೆ, ಪೂರ್ವಸಿದ್ಧತೆಯ ಬೆಲೆ ಮನವರಿಕೆಯಾಗುವುದು. ಸ್ಥಾನನಿರ್ಣಯದಲ್ಲಿ ಇನ್ನೂ ಒಂದು ಇಕ್ಕಟ್ಟಿದೆ. ಶೋಧಕವು ಒಳಹೋಗಬೇಕಾದರೆ ವರ್ಣತಂತುವಿನ ಎಳೆಗಳನ್ನು ಬಿಚ್ಚಬೇಕು. ಇದಕ್ಕಾಗಿ ನೂರಕ್ಕೆ ೭೦ ಫಾರ್ಮಮೈಡ್ ಇರುವ ದ್ರಾವಣದಲ್ಲಿ ಸುಮಾರು ೭೦ ಡಿಗ್ರಿ ಶಾಖದಲ್ಲಿ ಕೆಲವು ನಿಮಿಷ ಇಡುವುದು ವಾಡಿಕೆ. ಹೊತ್ತು ಸಾಲದಿದ್ದರೆ ಎಳೆಗಳು ಬಿಚ್ಚುವುದಿಲ್ಲ, ಬಿಂದು ಕಾಣುವುದಿಲ್ಲ. ಹೊತ್ತು ಮೀರಿದರೆ ವರ್ಣತಂತುಗಳು ಊದಿಕೊಂಡು ಆಕಾರಗೆಡುತ್ತವೆ, ಬಿಂದು ಕಂಡರೂ ಅದು ಎಲ್ಲಿರುವುದೆಂದು ಹೇಳಲಾಗುವುದಿಲ್ಲ.

ಪ್ರಯೋಗವು ತಾನು ಪರೀಕ್ಷಿಸುವ ವಸ್ತುವನ್ನೇ ಮಾರ್ಪಡಿಸುತ್ತದೆಯೆಂಬುದಕ್ಕೆ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ನಿದರ್ಶನವಿದೆ. ೧೯೭೦ರಲ್ಲಿ ಪಾರ್ಡ್ಯೂ ಮತ್ತು ಗಾಲ್ ಇಲಿಯ ಒಂದು ಪುನರಾವೃತ್ತ ಡಿ. ಎನ್. ಎ.ಯು ವರ್ಣತಂತುಗಳ ಸೆಂಟ್ರೊಮಿಯರ್ ಭಾಗದಲ್ಲಿದೆಯೆಂದು ನಿರ್ಣಯಿಸಿದರು. ಆ ಸಂದರ್ಭದಲ್ಲಿ, ಎಳೆಗಳನ್ನು ಬಿಚ್ಚುವ ಉಪಚಾರಕ್ಕೆ ಒಳಗಾದ ವರ್ಣತಂತುಗಳಿಗೆ ಗೀಮ್ಸಾ ಬಣ್ಣವನ್ನು ಹಾಕಿದಾಗ ಅದೇ ಭಾಗವು ಉಳಿದ ಭಾಗಗಳಿಗಿಂತ ಗಾಢವಾಗಿ ಕಂಡಿತು. ಉಪಚಾರದ ಈ ಪರಿಣಾಮವೇ ಮುಂದೆ ವರ್ಣತಂತುಗಳನ್ನು ಪಟ್ಟೆಗಳಿಂದ ಗುರುತಿಸುವ ಒಂದು ಸ್ವತಂತ್ರ ವಿಧಾನಕ್ಕೆ ಮೂಲವಾಯಿತು.

೬

ನಿಬಂಧನೆಗಳಿಗೂ ನಿರ್ಣಯಕ್ಕೂ ಇರುವ ಸಂಬಂಧವನ್ನು ಒಂದು ಪ್ರಸಿದ್ಧ ವಿಷಯದಲ್ಲಿ ನೋಡೋಣ. ಮನುಷ್ಯನಿಗೆ ೪೬ ವರ್ಣತಂತುಗಳು. ಚಿಂಪಾಂಜಿ ಮೊದಲಾದ ಮಹಾಕಪಿಗಳಿಗೆ ೪೮. ಪೂರ್ವಜರ ಎರಡು ವರ್ಣತಂತುಗಳು ತುದಿಗೆ ತುದಿ ಕೂಡಿ ಮನುಷ್ಯನ ಎರಡನೆಯ ವರ್ಣತಂತುವಾಗಿದೆಯೆಂಬ ಅಭಿಪ್ರಾಯವನ್ನು ಪಟ್ಟೆಗಳ ಹೋಲಿಕೆಯಿಂದ ಯೂನಿಸ್ ಮತ್ತು ಪ್ರಕಾಶ್ ೧೯೮೨ರಲ್ಲಿ ಸಮರ್ಥಿಸಿದರು. ವರ್ಣತಂತುಗಳ ತುದಿಗಳಲ್ಲಿ ಥೈಮಿನ್, ಥೈಮಿನ್, ಅಡೆನಿನ್, ಗ್ವಾನಿನ್, ಗ್ವಾನಿನ್, ಗ್ವಾನಿನ್ ಎಂಬ ಆರಕ್ಷರದ ಪಲ್ಲವಿ ಸಾವಿರಾರು ಸಲ ಬರುತ್ತದೆಯೆಂಬುದು ೧೯೮೮ರಲ್ಲಿ ಮನುಷ್ಯನಲ್ಲಿ ತಿಳಿದುಬಂದಿತು. ಹಾಗಾದರೆ ಕೂಡಿಕೆಯ ಸ್ಥಾನದಲ್ಲಿ, ಎಂದರೆ ಎರಡನೆಯ ವರ್ಣತಂತುವಿನ ನಡುವಿನಲ್ಲಿ, ಈ ಪಲ್ಲವಿಯ ಅವಶೇಷವಿರಬೇಕಲ್ಲವೆ?

ಅವಶೇಷವು ಇದೆ, ಆದರೆ ಅದು ಒಂದು ಸಾವಿರ ಜೋಡಿಗಳಿಗೂ ಕಡಮೆ ಉದ್ದದ್ದು, ಅದರ ಅಕ್ಷರಗಳೂ ಕಾಲಗತಿಯಲ್ಲಿ ಸವೆದಿವೆ. ತುದಿಗಳಲ್ಲಿಯಾದರೋ ಅದು ಹಲವು ಸಾವಿರ ಜೋಡಿಗಳವರೆಗೆ ಶುದ್ಧವಾಗಿ ಹರಡಿದೆ. ಆದುದರಿಂದ ಬಿಗಿಯಾದ ನಿಬಂಧನೆಗಳಲ್ಲಿ ತುದಿಗಳು ಬೆಳಗುವುವು, ನಡುವಿನ ಅವಶೇಷವು ಕಾಣದೆಹೋಗುವ ಸಂಭವ ಹೆಚ್ಚು. ಸಡಿಲಿಸಿದರೆ ಅದು ಕಾಣಬಹುದು. ಆದರೆ ಅದರೊಡನೆ, ಸಂಬಂಧವಿಲ್ಲದೆ ಆಕಸ್ಮಿಕವಾಗಿ ಹೋಲುವ ಅನುಕ್ರಮಗಳೂ ಬೆಳಗುವ ಭಯವಿದೆ. ಈ ಸಂದೇಹವು ತೀರಿದುದು ೧೯೯೧ರಲ್ಲಿ. ಈಡೊ, ಬಾಲ್ದಿನಿ ಮತ್ತು ಅವರ ಸಂಗಡಿಗರು ಆ ಭಾಗದ ತುಣುಕನ್ನು ಬೇರ್ಪಡಿಸಿ, ಅದರ ಅಕ್ಷರಗಳನ್ನು ಓದಿ, ಎರಡು ಪಲ್ಲವಿಗಳು ಎದುರುಬದುರಾಗಿ ಸಂಧಿಸಿರುವುದನ್ನು ತೋರಿಸಿದರು; ಆ ತುಣುಕಿನ ಸ್ಥಾನವನ್ನು ಸಂಕರಣದಿಂದಲೂ ಸ್ಥಿರಪಡಿಸಿದರು. ಒಂದು ಪ್ರಮಾಣಕ್ಕೆ ಇನ್ನೊಂದು ಸ್ವತಂತ್ರ ಪ್ರಮಾಣವು ಒದಗಿದ ಮೇಲೆಯೇ ನಿರ್ಣಯವು ಗಟ್ಟಿಯಾಯಿತು.

ನಮ್ಮ ಸಹ್ಯಾದ್ರಿಯ ಅರಣ್ಯಗಳಲ್ಲಿಯೂ ಇರುವ ಕಾಡುಕುರಿಯೆಂಬ ಜಿಂಕೆಯ ವಿಷಯವೂ ಇಂತಹುದೇ. ಇದರ ಹೆಣ್ಣಿಗೆ ೬, ಗಂಡಿಗೆ ೭ ವರ್ಣತಂತುಗಳು ಮಾತ್ರವೆಂದು ೧೯೭೦ರಲ್ಲಿ ತಿಳಿದಾಗ ಪಂಡಿತರು ಬೆರಗಾದರು. ಇದರ ಹತ್ತಿರದ ಬಂಧುವಾದ ಚೀನದ ಕಾಡುಕುರಿಗೆ ೪೬. ಅನೇಕ ವರ್ಣತಂತುಗಳು ಕೂಡಿ ಹೀಗಾಗಿರಬೇಕೆಂಬ ಊಹೆಗೆ, ತುದಿಯ ಪಲ್ಲವಿಯು ವರ್ಣತಂತುವಿನ ನಡುನಡುವೆ ಬೆಳಗುವುದನ್ನು ಕಂಡ ೧೯೯೩ರ ಸಂಶೋಧನೆಯು ಬಲವಾದ ಆಧಾರವನ್ನು ಕೊಟ್ಟಿತು.

೭

ಇದುವರೆಗೆ ಹೇಳಿದುದು ಕಂಡುದರ ವಿಚಾರ. ಕಾಣದುದರ ವಿಚಾರವು ಇದಕ್ಕಿಂತ ಕಠಿನವಾದುದು. ಮನುಷ್ಯರ ಸುಖದುಃಖಗಳು ಅದನ್ನೇ ಅವಲಂಬಿಸಿರುವ ಸಂದರ್ಭಗಳುಂಟು. ಇಪ್ಪತ್ತೆರಡನೆಯ ವರ್ಣತಂತುವಿನ ಉದ್ದತೋಳಿನಲ್ಲಿ ಸಾಮಾನ್ಯವಾಗಿ ಮೂವತ್ತು ಲಕ್ಷ ಜೋಡಿಗಳಷ್ಟು ಭಾಗವು ಲೋಪವಾಗಿರುವ ಶಿಶುಗಳಲ್ಲಿ ಹೃದಯದ ದೋಷ, ರಕ್ತದಲ್ಲಿ ಸುಣ್ಣದ ಅಂಶದ ಕೊರತೆ ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇಷ್ಟು ಚಿಕ್ಕ ಲೋಪವು ಪಟ್ಟೆಗಳ ಪರೀಕ್ಷೆಗೆ ಸಿಕ್ಕುವುದು ಕಷ್ಟ. ಆ ಭಾಗದ ಶೋಧಕವನ್ನು ಪ್ರಯೋಗಿಸಿದಾಗ ಎರಡು ಬಿಂದುಗಳಿಗೆ ಬದಲು ಒಂದೇ ಕಂಡಿತೆನ್ನೋಣ. ಆ ಭಾಗವು ಶಿಶುವಿನಲ್ಲಿ ಇಲ್ಲವೆ? ಅಥವಾ ಆ ಒಂದು ವರ್ಣತಂತುವಿನ ಎಳೆಗಳು ಸರಿಯಾಗಿ ಬಿಚ್ಚಲಿಲ್ಲವೆ?

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಬೇರೆ ಒಂದು ಪ್ರಮಾಣವೆಂದು ಅಂಗೀಕರಿಸಿ, ಅದಕ್ಕೆ ಯೋಗ್ಯತೆಯೆಂಬ ನಿಯಮವನ್ನು ವಿಧಿಸಿರುವರಷ್ಟೆ. ಬೆಳಕಿರುವ ಮನೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು. ಕತ್ತಲೆಯ ಮನೆಯಲ್ಲಿ ಹಾಗೆ ಹೇಳಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತೆಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅಭಾವವು ಸಿದ್ಧವಾಗುತ್ತದೆ. ಪ್ರಯೋಗಶಾಲೆಗಳಲ್ಲಿ ಅನುಸರಿಸುವ ಪದ್ಧತಿಯು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಲೋಪವನ್ನು ಹುಡುಕುವ ಶೋಧಕದ ಜೊತೆಗೆ, ಅದೇ ವರ್ಣತಂತುವಿನ ತುದಿಯ ಕಡೆಗಿರುವ ಬೇರೊಂದು ಅನುಕ್ರಮಕ್ಕೆ ಬೇರೆ ಬಣ್ಣದ ಶೋಧಕವನ್ನೂ ಸೇರಿಸುತ್ತಾರೆ. ಆ ಎರಡನೆಯ ಬಿಂದು ಎರಡು ವರ್ಣತಂತುಗಳಲ್ಲಿಯೂ ಕಂಡು, ಮೊದಲನೆಯದು ಒಂದರಲ್ಲಿ ಮಾತ್ರ ಕಾಣದಿದ್ದರೆ, ಮತ್ತು ಇದು ಕೋಶದಿಂದ ಕೋಶಕ್ಕೆ ಹಾಗೆಯೇ ಇದ್ದರೆ, ಮನೆಯಲ್ಲಿ ಬೆಳಕಿತ್ತೆಂದು ಹೇಳಬಹುದು, ಲೋಪವನ್ನು ನಂಬಬಹುದು.

ಇಲ್ಲದ ಸಂಬಂಧವು ಕಾಣುವ ಅಪಾಯವೂ ಇದೆ. ಒಂದು ಬಗೆಯ ರಕ್ತದ ಅರ್ಬುದದಲ್ಲಿ ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ಭಾಗಗಳು ಅದಲುಬದಲಾಗಿರುವುದನ್ನು ಜ್ಯಾನೆಟ್ ರೌಲಿ ೧೯೭೩ರಲ್ಲಿ ಗುರುತಿಸಿದರು. ಈ ಭಾಗಗಳಿಗೆ ಎರಡು ಬಣ್ಣದ ಶೋಧಕಗಳನ್ನು ಹಾಕಿದರೆ, ರೋಗವಿರುವ ಕೋಶದಲ್ಲಿ ಎರಡು ಬಣ್ಣಗಳು ಒಂದೆಡೆ ಸೇರುತ್ತವೆ. ಆದರೆ ಗೋಳಾಕಾರದ ಕೋಶಕೇಂದ್ರವನ್ನು ಮೇಲಿನಿಂದ ನೋಡುವಾಗ, ಮೇಲೊಂದು ಕೆಳಗೊಂದು ಇರುವ ಬಿಂದುಗಳು ಆಕಸ್ಮಿಕವಾಗಿ ಸೇರಿದಂತೆ ತೋರುವುದೂ ಉಂಟು. ಆದುದರಿಂದ ಪ್ರತಿಯೊಂದು ಪ್ರಯೋಗಶಾಲೆಯೂ ಆರೋಗ್ಯವಂತರ ಕೋಶಗಳಲ್ಲಿ ಇಂತಹ ಭ್ರಾಂತಿ ಎಷ್ಟು ಸಲ ಬರುತ್ತದೆಂದು ತನ್ನ ನಿಬಂಧನೆಗಳಲ್ಲಿಯೇ ಎಣಿಸಿಟ್ಟುಕೊಂಡು, ಆ ಮಿತಿಯನ್ನು ದಾಟಿದುದನ್ನು ಮಾತ್ರ ರೋಗಲಕ್ಷಣವೆಂದು ಗ್ರಹಿಸಬೇಕು. ಒಂದು ಶಾಲೆಯ ಮಿತಿಯನ್ನು ಇನ್ನೊಂದು ಶಾಲೆಯು ಎರವಲು ಪಡೆಯಲಾಗದು.

ಈ ಎಲ್ಲ ವಿಚಾರಗಳಿಂದ, ಸ್ಥಾನನಿರ್ಣಯವು ಪ್ರಯೋಗಿಸಿದವನ ಇಚ್ಛೆಗೆ ಬಿಟ್ಟ ವಿಷಯವೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಅನುಕ್ರಮಗಳು ತಮ್ಮ ಸ್ಥಾನದಲ್ಲಿ ಇದ್ದೇ ಇವೆ. ಶಾಖ, ಉಪ್ಪು, ಕಾಲಗಳ ಪರಿಣಾಮವೂ ನಿಯಮಬದ್ಧವಾಗಿಯೇ ಇದೆ. ನಿಬಂಧನೆಗಳನ್ನು ಮಾರ್ಪಡಿಸಿದಂತೆ ಗುರುತು ಹೇಗೆ ಮಾರ್ಪಡುವುದೆಂಬುದನ್ನು ಮೊದಲೇ ಹೇಳಬಲ್ಲೆವೆಂಬುದೇ ಈ ವಿಧಾನದ ಪ್ರಾಮಾಣ್ಯಕ್ಕೆ ಆಧಾರ. ಹಸ್ತಪ್ರತಿಗಳನ್ನು ಸಂಪಾದಿಸುವವರು ತಾವು ಯಾವ ಪ್ರತಿಗಳನ್ನು ನೋಡಿದೆವು, ಯಾವ ನಿಯಮದಿಂದ ಪಾಠವನ್ನು ಆರಿಸಿದೆವು ಎಂಬುದನ್ನು ಪೀಠಿಕೆಯಲ್ಲಿ ತಿಳಿಸುವಂತೆ, ವರ್ಣತಂತುವಿನ ಮೇಲೆ ಒಂದು ಬಿಂದುವನ್ನು ತೋರಿಸುವವರೂ ಅದನ್ನು ಯಾವ ಉಪ್ಪಿನಲ್ಲಿ, ಯಾವ ಶಾಖದಲ್ಲಿ, ಎಷ್ಟು ಕೋಶಗಳಲ್ಲಿ ಕಂಡೆವೆಂಬುದನ್ನು ತಿಳಿಸಬೇಕು. ಅದನ್ನು ತಿಳಿಸಿದ ನಿರ್ಣಯವನ್ನು ಇನ್ನೊಬ್ಬರು ಪರೀಕ್ಷಿಸಬಹುದು. ತಿಳಿಸದಿದ್ದುದನ್ನು ನಂಬಬೇಕು, ಇಲ್ಲವೆ ಬಿಡಬೇಕು.